ಎರಡನೇ ಸಲ ತುಳಿದ್ರೆ ಹಿಡಿಯೋ ಬ್ರೇಕು

ಸಂದೀಪ, ನಿನ್ನ ಮೆಸೇಜ್ ಈಗ ಕೇಳಿದೆ. ಅಜ್ಜಯ್ಯನ ಮಾರುತಿ 800ರಲ್ಲಿ ಮೊದಲ ಸಲ ತುಳಿದ್ರೆ ಪೆಡಲ್ ಕೆಳಗೆ ಹೋಗತ್ತೆ, ಇನ್ನೊಂದ್ಸಲ ತುಳಿದ್ರೆ ಹಿಡಿಯತ್ತೆ, ಗ್ಯಾರೇಜಿನವ್ರು ಬಿಚ್ಚಿ ನೋಡ್ದೇನೇ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನ ಚಕ್ರಗಳ ಕಡೆ ತಳ್ಳೋ ಪಂಪು) ಹೊಸದು ಹಾಕ್ಬೇಕು ಅಂದ್ರು, ಭಾನುವಾರ ಉಡುಪಿಗೆ ಹೋಗಿ ಬಂದ್ಮೇಲೆ ಮಾಡ್ಸಿದ್ರೆ ಆಗತ್ತಾ ಅಂತ ಕೇಳಿದೀಯ. ಆಗಲ್ಲ ಮಾರಾಯ. ಆಗುಂಬೆಯ 14 ಹೇರ್‌ಪಿನ್ ತಿರುವು ಆ ಬ್ರೇಕಲ್ಲಿ ಇಳಿಯೋದು ಬೇಡ. ಅಕ್ಕ, ನೀನೂ ಕೇಳಿಸ್ಕೋ, ಈ ಸಲ ಬಸ್ಸಲ್ಲೇ ಹೋಗಿ ಬನ್ನಿ.

ಎರಡು ಸಲ ತುಳಿದ್ರೆ ಹಿಡಿಯತ್ತೆ ಅಂದ ಮಾತ್ರಕ್ಕೆ ಮಾಸ್ಟರ್ ಸಿಲಿಂಡರ್ ಹೋಗಿದೆ ಅಂತಲ್ಲ. ದುಡ್ಡು ಹಾಕೋ ಮುಂಚೆ ಅಂಗಳದಲ್ಲೇ ಪರೀಕ್ಷೆ ಮಾಡು. ಮುಂದಿನ ಎರಡು ಚಕ್ರಕ್ಕೆ ಕಲ್ಲು ಕೊಡು, ಪೆಡಲನ್ನ ಹದವಾಗಿ, ಒಂದೇ ಸಮ ಒತ್ತಿ ಅರ್ಧ ನಿಮಿಷ ಹಿಡ್ಕೋ. ಜೋರಾಗಿ ತುಳೀಬೇಡ, ಕೆಲವು ಸಲ ಮೆಲ್ಲಗೆ ಒತ್ತಿದಾಗಷ್ಟೇ ದೋಷ ಕಾಣತ್ತೆ. ಹೊರಗೆ ಎಲ್ಲೂ ಆಯಿಲ್ ಸೋರ್ತಿಲ್ಲ, ಆದ್ರೂ ಪೆಡಲ್ ಕಾಲಡಿಯಲ್ಲಿ ನಿಧಾನ ಜಾರ್ತಾ ಹೋಗತ್ತೆ ಅಂದ್ರೆ, ಆಗ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಹೋಗಿದೆ, ಗ್ಯಾರೇಜಿನವ್ರು ಹೇಳಿದ್ದು ಸರಿ. ಜಾರದೆ ಸ್ಪಂಜಿನ ತರ ಮೆತ್ತಗೆ ಇದ್ರೆ ಪೈಪಲ್ಲಿ ಗಾಳಿ ಸೇರಿದೆ. ಜಾರೋದೂ ಇಲ್ಲ, ಮೆತ್ತಗೂ ಇಲ್ಲ, ಕೆಳಗೆ ಹೋಗಿ ಗಟ್ಟಿಯಾಗಿ ನಿಲ್ಲತ್ತೆ ಅಂದ್ರೆ ಹಿಂದಿನ ಚಕ್ರದ ಡ್ರಮ್ಮಿಗೂ ಅದನ್ನ ಒಳಗಿಂದ ಒತ್ತಿ ಹಿಡಿಯೋ ಲೈನರಿಗೂ ಅಂತರ ಜಾಸ್ತಿ ಆಗಿದೆ. ಅದನ್ನ ಖಚಿತ ಮಾಡ್ಕೊಳೋದು ಸುಲಭ. ಹ್ಯಾಂಡ್‌ಬ್ರೇಕ್ ಅರ್ಧ ಎಳೆದು ಮತ್ತೆ ಪೆಡಲ್ ತುಳಿ. ಈಗ ಮೊದಲ ಸಲವೇ ಮೇಲೆ ಹಿಡೀತು ಅಂದ್ರೆ ತೊಂದರೆ ಹಿಂದಿನ ಡ್ರಮ್ಮಲ್ಲೇ. ನನಗೆ ಅನುಮಾನ ಇರೋದೂ ಇದ್ರ ಮೇಲೇ, ಯಾಕಂದ್ರೆ ಹೋದ ಸಲ ನಾನು ಓಡ್ಸಿದಾಗ ಹ್ಯಾಂಡ್‌ಬ್ರೇಕ್ ತೀರ ಮೇಲೆ ಬರ್ತಿತ್ತು.

ಏನೇ ಬಂದ್ರೂ ಹಿಂದಿನ ಎರಡೂ ಡ್ರಮ್ ಬಿಚ್ಚಿಸು. ಒಳಗಡೆ ಮೇಲ್ಭಾಗದಲ್ಲಿ ಲೈನರನ್ನ ಡ್ರಮ್ಮಿಗೆ ಒತ್ತೋ ವೀಲ್ ಸಿಲಿಂಡರ್ ಇರತ್ತೆ, ಎರಡೂ ತುದಿಗೆ ಪುಟ್ಟ ರಬ್ಬರ್ ಟೋಪಿ. ಆ ಟೋಪಿ ಅಂಚನ್ನ ಉಗುರಲ್ಲಿ ಎತ್ತಿ ನೋಡು. ಒಣಗಿದ್ರೆ ಸರಿ. ಒಳಗೆ ಆಯಿಲ್ ನಿಂತಿದ್ರೆ ಸೋರಿಕೆ ಶುರುವಾಗಿದೆ, ಹೊರಗೆ ಇನ್ನೂ ಕಾಣ್ತಿಲ್ಲ ಅಷ್ಟೆ. ಲೈನರಿಗೆ ಆಯಿಲ್ ತಾಗಿದ್ರೆ ತೊಳೆದು ಮತ್ತೆ ಹಾಕೋದು ಬೇಡ, ಎಡ ಬಲ ಎರಡೂ ಕಡೆ ಹೊಸದೇ ಹಾಕ್ಸು. ಒಂದೇ ಕಡೆ ಹಾಕಿದ್ರೆ ಎರಡು ಕಡೆ ಒಂದೇ ಸಮ ಹಿಡಿಯಲ್ಲ. ಮತ್ತೆ ಆ ಧೂಳನ್ನ ಊದೋಕೆ ಬಿಡ್ಬೇಡ, ಹಳೇ ಲೈನರಲ್ಲಿ ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್, ಇರಬಹುದು. ಒದ್ದೆ ಬಟ್ಟೇಲಿ ಒರೆಸ್ಲಿ.

ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಅಜ್ಜಯ್ಯನ್ನ ಕೇಳು. ನೆನಪಿಲ್ಲ ಅಂದ್ರೆ ಪೂರ್ತಿ ತೆಗೆಸು. ಅದು ಗಾಳಿಯ ತೇವ ಎಳ್ಕೊಳ್ಳತ್ತೆ, ನಮ್ಮ ಮಳೆಗಾಲದಲ್ಲಂತೂ ಕೇಳೋದೇ ಬೇಡ. ಡಾಟ್ 3 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗಾದ್ರೂ ಕುದಿಯದೆ ತಡ್ಕೋಬೇಕು ಅಂತ ಲೆಕ್ಕ, ನೀರು ಸೇರಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯತ್ತೆ. ಘಾಟಿಯಲ್ಲಿ ಬ್ರೇಕ್ ತುಳೀತಾನೇ ಇಳಿದ್ರೆ ಆ ಬಿಸಿ ಬರತ್ತೆ, ಆಯಿಲ್ ಕುದ್ದು ಪೈಪಲ್ಲಿ ಆವಿ ತುಂಬತ್ತೆ, ಆಮೇಲೆ ಎಷ್ಟು ತುಳಿದ್ರೂ ಪೆಡಲ್ ನೆಲಕ್ಕೇ ಹೋಗತ್ತೆ. ಮನೆ ಹತ್ರ ಓಡ್ಸುವಾಗ ಇದು ಗೊತ್ತೇ ಆಗಲ್ಲ, ನನಗೆ ಹೆದರಿಕೆ ಇರೋದೇ ಅಲ್ಲಿ.

ಇನ್ನೊಂದು ಮಾತು, ಇದನ್ನ ಹತ್ರ ನಿಂತು ಮಾಡ್ಸು. ಬ್ರೇಕ್ ಪೈಪಿನ ಗಾಳಿ ತೆಗೆಯೋವಾಗ ಗ್ಯಾರೇಜಿನ ಹುಡುಗ್ರು ಪೆಡಲನ್ನ ನೆಲದ ತನಕ ದಬದಬ ತುಳೀತಾರೆ. ಹಳೇ ಮಾಸ್ಟರ್ ಸಿಲಿಂಡರಲ್ಲಿ ದಿನಾ ಪಿಸ್ಟನ್ ಓಡಾಡೋ ಜಾಗ ನುಣುಪಾಗಿರತ್ತೆ, ಅದರಾಚೆ ತುಕ್ಕು, ಗಸಿ ಕೂತಿರತ್ತೆ. ರಬ್ಬರ್ ಅಲ್ಲಿಗೆ ಹೋಗಿ ಉಜ್ಜಿದ್ರೆ ಹರಿಯತ್ತೆ. ನೆಟ್ಟಗಿದ್ದ ಮಾಸ್ಟರ್ ಸಿಲಿಂಡರ್ ಕೆಲಸ ಮುಗಿಯೋ ಹೊತ್ತಿಗೆ ಕೆಟ್ಟಿರತ್ತೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡ್ಸು, ಪೂರ್ತಿ ಕೆಳಗೆ ಹೋಗದ ಹಾಗೆ. ಕೆಲಸ ಮುಗಿದ ಮೇಲೆ ಅದನ್ನ ತೆಗೆದ್ರಾ ಅಂತ ನೀನೇ ಬಗ್ಗಿ ನೋಡು.

ಡ್ರಮ್ ಬಿಚ್ಚಿದ ತಕ್ಷಣ ಎರಡೂ ಕಡೆಯ ಫೋಟೋ ಇಲ್ಲೇ ಹಾಕು, ರಬ್ಬರ್ ಟೋಪಿ ಎತ್ತಿ ಹಿಡಿದು ಫೋಟೋ ತೆಗಿ. ನೋಡಿ ಹೇಳ್ತೀನಿ. ಅಲ್ಲೀವರೆಗೆ ಯಾವ ಸಾಮಾನಿಗೂ ಅಡ್ವಾನ್ಸ್ ಕೊಡ್ಬೇಡ.