ಕೃಷ್ಣಮೃಗದ ಫೋಟೋ ಮಸುಕು: ತಪ್ಪು ಲೆನ್ಸಿನದಾ, ಬಿಸಿಲಿನದಾ?

ನಮಸ್ಕಾರ. ನಾನು ತುಮಕೂರಿನವನು. ಬಿಡುವಾದಾಗ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ, ಜಯಮಂಗಲಿ ಕೃಷ್ಣಮೃಗ ಮೀಸಲಿಗೆ ಹೋಗುತ್ತೇನೆ. ಕ್ಯಾಮೆರಾ ಡಿಎಸ್‌ಎಲ್‌ಆರ್, ಲೆನ್ಸ್ 150-600 ಎಂಎಂ ಟೆಲಿ (ದೂರದ್ದನ್ನು ಹತ್ತಿರ ತೋರಿಸುವಂಥದ್ದು).

ಬಿಸಿಲೇರಿದ ಮೇಲೆ ದೂರದ ಫೋಟೋ ಒಂದೂ ಸರಿ ಬರುತ್ತಿಲ್ಲ. ಗಂಡಿನ ಕಣ್ಣಿನ ಸುತ್ತಲ ಬಿಳಿ ಉಂಗುರ ಕದಡಿ ಹೋಗುತ್ತದೆ. ಕೊಂಬಿನ ಸುರುಳಿ ಗೆರೆಗಳು ನೀರೊಳಗೆ ಕಂಡ ಹಾಗೆ ಬಾಗಿರುತ್ತವೆ. ಫೋಕಸ್ ಪಾಯಿಂಟ್ ಮಾತ್ರ ಸರಿಯಾಗಿ ಕಣ್ಣಿನ ಮೇಲೇ ಇರುತ್ತದೆ!

ಶಟರ್ ವೇಗ 1/2000 ಸೆಕೆಂಡಿಗೆ ಏರಿಸಿದೆ, ಲೆನ್ಸ್ ಮುಂದಿನ ಯುವಿ ಫಿಲ್ಟರ್ ಗಾಜು ತೆಗೆದೆ, ಲೆನ್ಸ್ ಅಲುಗದಂತೆ ಕೆಳಗೆ ಬೀನ್ ಬ್ಯಾಗ್ ಇಟ್ಟೆ, ಕಾರಿನಿಂದ ಇಳಿದು ತೆಗೆದೆ. ಏನೂ ಬದಲಾಗಲಿಲ್ಲ. ಮನೆಯಲ್ಲಿ ಗೋಡೆಗೆ ಪೇಪರ್ ಅಂಟಿಸಿ ತೆಗೆದರೆ ಅಕ್ಷರ ಅಕ್ಷರ ಸ್ಪಷ್ಟ.

ಬೆಳಗ್ಗೆ ಬೇಗ ತೆಗೆದವು ಚೆನ್ನಾಗಿವೆ. ಹಾಗಾದರೆ ನೆಲ ಕಾದು ಏಳುವ ಬಿಸಿಗಾಳಿಯದೇ ಕೆಲಸ ಅನ್ನಬಹುದು, ಅಲ್ವಾ? ಆದರೆ ಆಗ ಹಿಂಡು ಹತ್ತಿರದಲ್ಲೇ ಮೇಯುತ್ತಿರುತ್ತದೆ, ಬಿಸಿಲೇರಿದಂತೆ ದೂರ ಸರಿಯುತ್ತದೆ. ಬಿಸಿಲು, ದೂರ ಎರಡೂ ಒಟ್ಟಿಗೇ ಜಾಸ್ತಿ ಆಗುವುದರಿಂದ ಯಾವುದರ ತಪ್ಪು ಅಂತ ಬಿಡಿಸಲು ಆಗುತ್ತಿಲ್ಲ. ದೂರಕ್ಕೆ ಮಾತ್ರ ಫೋಕಸ್ ತಪ್ಪುವ ಲೆನ್ಸ್‌ಗಳೂ ಇರುತ್ತವೆ. ಸರ್ವಿಸ್‌ಗೆ ಕೊಟ್ಟರೆ ವಾರಗಟ್ಟಲೆ ಲೆನ್ಸ್ ಇರುವುದಿಲ್ಲ, ಸುಮ್ನೆ ಕೊಡಲು ಮನಸ್ಸಿಲ್ಲ.

ಟೆಲಿ ಲೆನ್ಸ್ ಬಳಸುವವರು ಹೇಳಿ: ಬಿಸಿಗಾಳಿಯೋ ಫೋಕಸ್ ದೋಷವೋ ಎಂದು ನಾನೇ ಪತ್ತೆ ಮಾಡಲು ಯಾವ ಪರೀಕ್ಷೆ ಮಾಡಬೇಕು? ಎಷ್ಟು ದೂರದ ವಸ್ತು, ಯಾವ ಹೊತ್ತಲ್ಲಿ, ಲೈವ್ ವ್ಯೂನಲ್ಲಾ (ಹಿಂದಿನ ಪರದೆ ನೋಡಿ) ವ್ಯೂಫೈಂಡರ್‌ನಲ್ಲಾ?