1945ರ ಹಾಂಗ್‌ಕಾಂಗ್ ವಿಶ್ವವಿದ್ಯಾಲಯ: ತೆರೆಯಬೇಕೋ ಬೇಡವೋ? ಅಣಕು ಸಮಿತಿಗೆ ಏನೇನು ಕೊಡಲಿ?

ಇತಿಹಾಸ_ಮಡಿಕೇರಿ ಕೇಳಿದ್ದು:

ಬಿ.ಎ. ಇತಿಹಾಸದ ಮಕ್ಕಳಿಂದ ಒಂದು ಅಣಕು ಸಮಿತಿ ಮಾಡಿಸಬೇಕಾಗಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಸಾಹತು ಹಾಂಗ್‌ಕಾಂಗನ್ನು ಹಿಡಿದಿದ್ದ ಜಪಾನೀಯರು ಸೋತ ಮೇಲೆ ಹಾಂಗ್‌ಕಾಂಗ್ ವಿಶ್ವವಿದ್ಯಾಲಯವನ್ನು ಮತ್ತೆ ನಡೆಸುವುದೋ ಬಿಡುವುದೋ ಎಂದು ನೋಡಲು ಲಂಡನ್ನಿನ ವಸಾಹತು ಕಚೇರಿ 1946ರಲ್ಲಿ ತನ್ನ ಶಿಕ್ಷಣ ಸಲಹೆಗಾರ ಕ್ರಿಸ್ಟೋಫರ್ ಕಾಕ್ಸ್ ಕೈಕೆಳಗೆ ಸಮಿತಿ ಮಾಡಿತ್ತಲ್ಲ, ಅದೇ ಮಾದರಿ. ಒಂದು ಗುಂಪಿಗೆ ಐದು ಜನ, ಒಂದೂವರೆ ಗಂಟೆ ಸಮಯ. ಚಿಕ್ಕ ಅಳುವಾರದ ನಮ್ಮ ಕೊಡಗು ವಿ.ವಿ.ಯನ್ನು ಮುಚ್ಚುವ ಮಾತು 2025ರಲ್ಲಿ ಎದ್ದಾಗಿನಿಂದ ಮಕ್ಕಳಿಗೂ ಇದು ದೂರದ ವಿಷಯವಲ್ಲ. ಆದರೆ ಚರ್ಚೆ "ವಿದ್ಯೆ ಬೇಕು, ತೆರೆಯಿರಿ" ಎಂಬಲ್ಲಿಗೇ ನಿಂತುಬಿಟ್ಟೀತು. ತಲೆ ಕೆರೆದುಕೊಳ್ಳುವಂಥ ಮಾಹಿತಿ ಯಾವುದು ಕೊಡಲಿ?

ಹಳೇ_ಕಡತ:

ಮೇಡಂ, ಪರ ವಿರೋಧ ಎಂದು ಗುಂಪು ಮಾಡಬೇಡಿ, ಅದು ಭಾಷಣ ಸ್ಪರ್ಧೆಯಾಗುತ್ತದೆ. ಐವರಿಗೂ ಒಂದೊಂದು ಕುರ್ಚಿ ಕೊಡಿ: ಲಂಡನ್ನಿನ ಖಜಾನೆ, ಹಾಂಗ್‌ಕಾಂಗ್ ಗವರ್ನರ್, ಹಾಂಗ್‌ಕಾಂಗಿನಲ್ಲಿ ಜಪಾನೀಯರು ನಡೆಸಿದ ಸ್ಟ್ಯಾನ್ಲಿ ಶಿಬಿರದ ಸೆರೆಯಿಂದ ಹೊರಬಂದ ಕುಲಪತಿ ಡಂಕನ್ ಸ್ಲಾಸ್, ಊರಿನ ಚೀನೀ ವ್ಯಾಪಾರಿಗಳು, ಕೊನೆಯದು ವಸಾಹತು ಕಚೇರಿಯ ಶಿಕ್ಷಣ ಸಲಹೆಗಾರ. ಖಜಾನೆಯ ಕುರ್ಚಿಯನ್ನು ತರಗತಿಯ ಚುರುಕಿನ ಹುಡುಗಿಗೆ ಕೊಡಿ, ಇಲ್ಲದಿದ್ದರೆ ಹತ್ತೇ ನಿಮಿಷಕ್ಕೆ ಎಲ್ಲರೂ ಒಪ್ಪಿಬಿಡುತ್ತಾರೆ.

ಮುಂದಿಡಬೇಕಾದ ಮೊದಲ ಸಂಗತಿ ಹಣ. 1911ರಲ್ಲಿ ಕಟ್ಟಿದ ಈ ವಿಶ್ವವಿದ್ಯಾಲಯ ಹುಟ್ಟಿದಾಗಿನಿಂದಲೂ ದಾನದ ಮೇಲೆ ನಿಂತದ್ದು. ಮುಖ್ಯ ಕಟ್ಟಡಕ್ಕೆ ಹಣ ಕೊಟ್ಟವರು ಮುಂಬೈ ಮೂಲದ ಪಾರ್ಸಿ ಹೊರ್ಮಸ್‌ಜಿ ಮೋದಿ. ವೈದ್ಯಕೀಯದ ಮೂರು ಪ್ರಾಧ್ಯಾಪಕ ಪೀಠಗಳಿಗೆ 1920ರ ದಶಕದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನ ದತ್ತಿ ಇಟ್ಟಿತು. ದಾನಿಗಳು ಕಟ್ಟಡ ಕಟ್ಟಿಕೊಡುತ್ತಾರೆ, ಪೀಠಕ್ಕೆ ಹೆಸರಿಡುತ್ತಾರೆ. ಗುಮಾಸ್ತನ ಸಂಬಳಕ್ಕೆ, ಪ್ರಯೋಗಾಲಯದ ಸ್ಪಿರಿಟ್ಟಿಗೆ ಯಾರೂ ಕೊಡುವುದಿಲ್ಲ. ಆದ್ದರಿಂದ ಮಕ್ಕಳ ಮುಂದೆ ಎರಡು ಖಾತೆ ಬೇರೆ ಬೇರೆ ಇಡಿ, ಒಮ್ಮೆ ಆಗುವ ಖರ್ಚು ಮತ್ತು ವರ್ಷ ವರ್ಷದ ಖರ್ಚು. ಮೊದಲನೆಯದನ್ನು ನೋಡಿ "ಆಗುತ್ತದೆ" ಎನ್ನುವವರು ಎರಡನೆಯದನ್ನು ನೋಡಿ ಮೌನವಾಗುತ್ತಾರೆ. ನಮ್ಮ ಹೊಸ ವಿ.ವಿ.ಗಳ ತೊಡಕೂ ಇದೇ ತಾನೇ?

ಎರಡನೆಯದು ಜನಸಂಖ್ಯೆ. 1941ರಲ್ಲಿ ಸುಮಾರು 16 ಲಕ್ಷವಿದ್ದ ಊರು 1945ರ ಆಗಸ್ಟ್ ಹೊತ್ತಿಗೆ ಸುಮಾರು 6 ಲಕ್ಷಕ್ಕೆ ಇಳಿದಿತ್ತು, ಆಮೇಲೆ ನೋಡನೋಡುತ್ತಲೇ ಮತ್ತೆ ತುಂಬಿತು. ಅರ್ಧ ಗಂಟೆವರೆಗೆ 6 ಲಕ್ಷದ ಅಂಕಿ ಮಾತ್ರ ಕೊಡಿ, ಆಮೇಲೆ ಇನ್ನೊಂದನ್ನು ಕೊಡಿ. ಅಭಿಪ್ರಾಯ ಹೇಗೆ ಹೊರಳುತ್ತದೆ ನೋಡಿ.

ಮೂರನೆಯದು, ವಸಾಹತುಗಳ ಉನ್ನತ ಶಿಕ್ಷಣ ಕುರಿತು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಆಸ್ಕ್ವಿತ್ ಆಯೋಗದ 1945ರ ವರದಿ. ವಸಾಹತುಗಳಲ್ಲಿ ವಿಶ್ವವಿದ್ಯಾಲಯ ಕಾಲೇಜುಗಳನ್ನು ಕಟ್ಟಿ, ಆರಂಭದಲ್ಲಿ ಲಂಡನ್ ವಿಶ್ವವಿದ್ಯಾಲಯದ ನೆರಳಲ್ಲಿ ಬೆಳೆಸಬೇಕು ಎಂಬುದು ಅದರ ತಿರುಳು. ಅಂದರೆ ಸಿಂಗಪುರ, ಆಫ್ರಿಕಾ, ವೆಸ್ಟ್ ಇಂಡೀಸ್ ಎಲ್ಲವೂ ಒಂದೇ ಹಣದ ಗಂಟಿಗೆ ಕೈಚಾಚಿ ನಿಂತಿದ್ದವು. ಹಾಂಗ್‌ಕಾಂಗಿಗೋ ಪಕ್ಕದಲ್ಲೇ ಚೀನಾದ ಅಂತರ್ಯುದ್ಧ, ಊರು ಬ್ರಿಟಿಷರ ಕೈಯಲ್ಲಿ ಎಷ್ಟು ದಿನ ಎಂಬ ಅನುಮಾನ ಬೇರೆ.

ಗಾರೆ_ಹೆಂಚು:

ಕಟ್ಟಡವನ್ನು ಮರೆಯಬೇಡಿ. ಯುದ್ಧಕಾಲದ ಲೂಟಿಯಲ್ಲಿ ಮುಖ್ಯ ಕಟ್ಟಡದ ಚಾವಣಿಯ ಮರವೆಲ್ಲ ಸೌದೆಯಾಗಿ ಹೋಗಿತ್ತು. ಇಟ್ಟಿಗೆ, ಕಲ್ಲಿನ ಗೋಡೆ ನಿಂತಿದ್ದವು. "ಗೋಡೆ ಇದೆಯಲ್ಲ, ಹೆಂಚು ಹೊದೆಸಿದರಾಯಿತು" ಎನ್ನುತ್ತಾರೆ ಮಕ್ಕಳು. ಹಾಗಲ್ಲ.

ಹಾಂಗ್‌ಕಾಂಗಿನಲ್ಲಿ ವರ್ಷಕ್ಕೆ ಸುಮಾರು 2,400 ಮಿ.ಮೀ. ಮಳೆ, ಮಡಿಕೇರಿಗಿಂತ ಕಡಿಮೆ, ಆದರೆ ಚಂಡಮಾರುತ ಇದೆ. ಚಾವಣಿಯಿಲ್ಲದ ಗೋಡೆಗೆ ನೀರು ಮೈಮೇಲಿಂದ ಅಲ್ಲ, ನೆತ್ತಿಯಿಂದ ಇಳಿಯುತ್ತದೆ. ಸುಣ್ಣದ ಗಾರೆ ಮೆತ್ತಗಾಗಿ ಮೇಲಿನ ನಾಲ್ಕೈದು ವರಸೆ ಇಟ್ಟಿಗೆ ಕೈಯಲ್ಲೇ ಕಿತ್ತುಬರುತ್ತದೆ. ತೊಲೆ ಕೂರುವ ಗೂಡಿನಲ್ಲಿ ನೀರು ನಿಂತು ಉಳಿದ ಮರದ ತುದಿ ಕೊಳೆಯುತ್ತದೆ. ಕಬ್ಬಿಣದ ತೊಲೆಯಾದರೆ ತುಕ್ಕು ಉಬ್ಬಿ ಸುತ್ತಲಿನ ಇಟ್ಟಿಗೆಯನ್ನೇ ಸೀಳುತ್ತದೆ.

ಕ್ರಮ ಹೀಗೆ: ಮಳೆಗಾಲಕ್ಕೆ ಮೊದಲು ಗೋಡೆಯ ನೆತ್ತಿಗೆ ಸುಣ್ಣದ ಗಾರೆ ಮೆತ್ತಿ ಎರಡೂ ಕಡೆ ಇಳಿಜಾರು ಕೊಡಬೇಕು. ಮೇಲೆ ತಾತ್ಕಾಲಿಕ ತಗಡು, ನೀರು ಹೊರಗೆ ಬೀಳುವಂತೆ. ತೊಲೆ ಗೂಡುಗಳನ್ನು ಒಡೆದು ನೋಡಿ, ಒಂದು ಬೇಸಗೆ ಪೂರ್ತಿ ಗೋಡೆ ಒಣಗಲು ಬಿಡಬೇಕು. ಅವಸರಕ್ಕೆ ಸಿಮೆಂಟ್ ಹಚ್ಚಿದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಇಟ್ಟಿಗೆ ಪುಡಿಯಾಗುತ್ತದೆ; ಕೊಡಗಿನ ಎಷ್ಟೋ ಹಳೇ ಬಂಗಲೆಗಳಲ್ಲಿ ಆದದ್ದು ಇದೇ. ಇನ್ನು ಹೆಂಚು ಹೊರುವ ಪಕಾಸು, ರೀಪಿಗೆ ಮರ: ಗಾಳಿಯಲ್ಲಿ ಒಣಗಿಸಲು ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಆಚಾರಿಗಳ ಲೆಕ್ಕ. ಮೂರಿಂಚಿನ ಪಕಾಸಿಗೆ ಮೂರು ವರ್ಷ. ಹಸಿ ಮರ ಹಾಕಿದರೆ ತಿರುಚಿಕೊಂಡು ಹೆಂಚು ಜಾರುತ್ತದೆ. ಹಾಗಾಗಿ ಸಮಿತಿಯ ತೀರ್ಮಾನ ಏನೇ ಇರಲಿ, ತಗಡಿನ ಹಣ ಮೊದಲೇ ಮಂಜೂರಾಗಬೇಕು. ಒಂದು ಮಳೆಗಾಲ ತಡವಾದರೆ ಅಂದಾಜು ಪಟ್ಟಿಯನ್ನೇ ಹೊಸದಾಗಿ ಬರೆಯಬೇಕಾಗುತ್ತದೆ.

ಇತಿಹಾಸ_ಮಡಿಕೇರಿ:

ಇದು ಹೊಳೆದೇ ಇರಲಿಲ್ಲ ಸರ್. ಓದು ಅರ್ಧಕ್ಕೆ ನಿಂತ ವಿದ್ಯಾರ್ಥಿಗಳ ಪ್ರಶ್ನೆಯನ್ನು ಎಲ್ಲಿ ಸೇರಿಸಲಿ?

ಹಳೇ_ಕಡತ:

ಅದನ್ನು ವೈದ್ಯಕೀಯದ ಜೊತೆ ಕೊಡಿ, ಅಲ್ಲೇ ಗಂಟು ಇರುವುದು. ಪ್ರಸೂತಿ ವಿಭಾಗದ ಪ್ರಾಧ್ಯಾಪಕ ಗಾರ್ಡನ್ ಕಿಂಗ್ 1942ರಲ್ಲಿ ತಪ್ಪಿಸಿಕೊಂಡು ಚೀನಾದ ಒಳನಾಡಿಗೆ ಹೋಗಿ, ತಮ್ಮ ವಿದ್ಯಾರ್ಥಿಗಳಿಗೆ ಅಲ್ಲಿನ ವೈದ್ಯಕೀಯ ಕಾಲೇಜುಗಳಲ್ಲಿ ಜಾಗ ಕೊಡಿಸಿದರು. ಯುದ್ಧ ಮುಗಿದ ಮೇಲೆ ಆ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುವುದೋ ಬಿಡುವುದೋ? ಹಿಡಿದರೂ ಪದವಿ ಕೊಡಲು ಒಂದು ವಿಶ್ವವಿದ್ಯಾಲಯ ಜೀವಂತ ಇರಬೇಕಲ್ಲ. ಹಾಂಗ್‌ಕಾಂಗಿನ ಎಂ.ಬಿ.ಬಿ.ಎಸ್. ಪದವಿಗೆ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಮಾನ್ಯತೆ ಇತ್ತು. ಪಾಠ ನಿಂತರೆ ಆ ಮಾನ್ಯತೆ ಏನಾದೀತು ಎಂದು ಮಕ್ಕಳನ್ನು ಕೇಳಿ. 1949ರಲ್ಲಿ ಮಡಿಕೇರಿ ಕಾಲೇಜು ಬರುವವರೆಗೆ ಪದವಿಗೆ ಘಟ್ಟ ಇಳಿದು ಮೈಸೂರಿಗೋ ಮದರಾಸಿಗೋ ಹೋಗುತ್ತಿದ್ದ ನಮ್ಮವರ ಪಾಡು ನೆನೆಸಿದರೆ ಅವರಿಗೆ ಬೇಗ ಅರ್ಥವಾದೀತು.

ಇನ್ನೊಂದು ಕಾಗದ ಲಕೋಟೆಯಲ್ಲಿಟ್ಟು ಕೊನೆಯ ಇಪ್ಪತ್ತು ನಿಮಿಷಕ್ಕೆ ಒಡೆಯಿರಿ. "1946ರ ಅಕ್ಟೋಬರಿನಲ್ಲಿ ಪಾಠ ಶುರುವಾಗಿದೆ" ಎಂದು ಅದರಲ್ಲಿ ಬರೆದಿರಲಿ. ನಿಜಕ್ಕೂ ಹಾಗೇ ಆಯಿತು. ಮುಂದಿನ ಹಣದ ಗತಿ ಗಟ್ಟಿಯಾಗುವ ಮೊದಲೇ ತರಗತಿ ನಡೆಯತೊಡಗಿದ್ದವು. ಆಗ ಪ್ರಶ್ನೆ "ತೆರೆಯಬೇಕೇ" ಎಂಬುದಲ್ಲ, "ಮುಚ್ಚುವ ಧೈರ್ಯ ಯಾರಿಗಿದೆ" ಎಂಬುದು. ಆ ಲಕೋಟೆಯನ್ನು ಖಜಾನೆಯ ಹುಡುಗಿಯ ಕೈಯಿಂದಲೇ ಓದಿಸಿ.