ಸೆಂಟ್ರಲ್ ಲಾಕ್ ಹಾಕಿದ ತಕ್ಷಣ ತಾನೇ ತೆರೆದುಕೊಳ್ಳುತ್ತಿದೆ, ಮಾಡ್ಯೂಲ್ ಬದಲಿಸಲೇಬೇಕಾ?

ಪುತ್ತೂರಿನವ:

ಎಲ್ಲರಿಗೂ ನಮಸ್ಕಾರ. ನನ್ನದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಸೆಂಟ್ರಲ್ ಲಾಕ್ ಕಂಪನಿಯಿಂದಲೇ ಬಂದದ್ದು, ಹೊರಗಡೆ ಹಾಕಿಸಿದ್ದಲ್ಲ. ಈ ಸಲ ಮಳೆ ಶುರುವಾದ ಮೇಲೆ ತೊಂದರೆ ಕೊಡುತ್ತಿದೆ. ರಿಮೋಟ್ ಒತ್ತಿದರೆ ಬಾಗಿಲುಗಳು ಟಕ್ ಅಂತ ಲಾಕ್ ಆಗುತ್ತವೆ, ಮರುಕ್ಷಣವೇ ಮತ್ತೆ ಟಕ್ ಅಂತ ಎಲ್ಲವೂ ತೆರೆದುಕೊಳ್ಳುತ್ತವೆ. ಕೀ ತಿರುಗಿಸಿ ಹಾಕಿದರೂ ಅದೇ ಕಥೆ. ಬಿಸಿಲು ಬಂದ ದಿನ ಸರಿಯಾಗಿರುತ್ತದೆ, ಜೋರು ಮಳೆಯ ಮರುದಿನ ಜಾಸ್ತಿ.

ಇದರ ಜೊತೆ ಎಡಗಡೆ ಹಿಂದಿನ ಬಾಗಿಲು ಕೆಲವೊಮ್ಮೆ ಲಾಕೇ ಆಗುವುದಿಲ್ಲ, ಗುರ್ರ್ ಅಂತ ಸದ್ದು ಮಾತ್ರ ಬರುತ್ತದೆ. ರಾತ್ರಿ ಅಂಗಳದಲ್ಲಿ ನಿಲ್ಲಿಸಿದ್ದಾಗ ಯಾರೂ ಮುಟ್ಟದೆ ಟಕ್ ಟಕ್ ಅಂತ ಸದ್ದು ಕೇಳಿದ್ದೂ ಇದೆ, ಅಂಥ ರಾತ್ರಿಯ ಬೆಳಿಗ್ಗೆ ಬ್ಯಾಟರಿ ಇಳಿದು ಗಾಡಿ ಸ್ಟಾರ್ಟ್ ಆಗಲಿಲ್ಲ.

ವರ್ಕ್‌ಶಾಪಿನಲ್ಲಿ ಬಾಡಿ ಕಂಟ್ರೋಲ್ ಮಾಡ್ಯೂಲ್ (ಲಾಕ್, ಲೈಟು ಇಂಥವನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹೋಗಿದೆ, ಪೂರ್ತಿ ಬದಲಿಸಬೇಕು ಅಂದರು. ಆಕ್ಸೆಸರೀಸ್ ಅಂಗಡಿಯವರು ಇದನ್ನೆಲ್ಲ ಕಿತ್ತು ಹೊಸ ಕಿಟ್ ಹಾಕೋಣ ಅಂತಾರೆ. ಎರಡಕ್ಕೂ ಮನಸ್ಸು ಒಪ್ಪುತ್ತಿಲ್ಲ ಮಾರಾಯ್ರೆ. ಮನೆಯಲ್ಲಿ ಮಲ್ಟಿಮೀಟರ್ ಇದೆ, ಸ್ಕ್ರೂಡ್ರೈವರ್ ಹಿಡಿಯಲು ಬರುತ್ತದೆ. ಎಲ್ಲಿಂದ ಶುರು ಮಾಡಲಿ?

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್:

ಮಾಡ್ಯೂಲಿಗೆ ಈಗಲೇ ದುಡ್ಡು ಹಾಕಬೇಡ್ರಿ. ನೀವು ಬರೆದದ್ದನ್ನ ಓದಿದರೆ ಮಾಡ್ಯೂಲ್ ಕೆಲಸ ಮಾಡ್ತಿದೆ ಅಂತಲೇ ಗೊತ್ತಾಗುತ್ತದೆ. ಲಾಕ್ ಮಾಡು ಅಂದರೆ ಮಾಡುತ್ತದೆ, ಅನ್‌ಲಾಕ್ ಮಾಡು ಅಂದರೆ ಅದನ್ನೂ ಮಾಡುತ್ತದೆ. ಹಾಗಾದರೆ ನೀವು ಹೇಳದೇ ಇರುವಾಗ 'ಅನ್‌ಲಾಕ್ ಮಾಡು' ಅಂತ ಅದಕ್ಕೆ ಹೇಳುತ್ತಿರುವವರು ಯಾರು? ಹುಡುಕಬೇಕಾದ್ದು ಅದನ್ನ.

ಸಿಸ್ಟಮ್ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಆಮೇಲೆ ಟೆಸ್ಟ್ ಸುಲಭ ಆಗುತ್ತದೆ. ಒಂದೊಂದು ಬಾಗಿಲಿನ ಒಳಗೂ ಒಂದು ಚಿಕ್ಕ 12 ವೋಲ್ಟ್ ಡಿಸಿ ಮೋಟಾರ್ ಇರುತ್ತದೆ. ಅದಕ್ಕೆ ಹೋಗುವ ಎರಡು ವೈರುಗಳಲ್ಲಿ ಒಂದಕ್ಕೆ ಪ್ಲಸ್ ಕೊಟ್ಟರೆ ಲಾಕ್, ಇನ್ನೊಂದಕ್ಕೆ ಕೊಟ್ಟರೆ ಅನ್‌ಲಾಕ್. ಡ್ರೈವರ್ ಬಾಗಿಲಲ್ಲಿ ಮೋಟಾರಿನ ಜೊತೆ ಲಾಕ್ ಸ್ವಿಚ್ಚಿನ ವೈರುಗಳೂ ಇರುತ್ತವೆ. ಕೀ ತಿರುಗಿಸಿದ್ದು, ನಾಬ್ ಒತ್ತಿದ್ದು ಮಾಡ್ಯೂಲಿಗೆ ಗೊತ್ತಾಗುವುದು ಆ ವೈರುಗಳಿಂದ. ತುಂಬಾ ಗಾಡಿಗಳಲ್ಲಿ ಆ ವೈರು ಅರ್ತ್‌ಗೆ (ಬ್ಯಾಟರಿಯ ಮೈನಸ್‌ಗೆ ಸೇರಿದ ಬಾಡಿ ಅಥವಾ ವೈರು) ತಾಗಿದರೆ ಸಾಕು, ಅದೇ ಆರ್ಡರ್. ಹಂಗಾಗಿ ಇನ್ಸುಲೇಷನ್ ಒಡೆದ ವೈರು ಬಾಡಿಗೋ ಪಕ್ಕದ ಅರ್ತ್ ವೈರಿಗೋ ತಾಗಿದರೆ ಮಾಡ್ಯೂಲ್ ಅದನ್ನು ನಿಮ್ಮ ಆರ್ಡರ್ ಅಂತಲೇ ತಿಳಿದು ಬಾಗಿಲು ತೆರೆಯುತ್ತದೆ. ಮಳೆಯಲ್ಲಿ ಜಾಸ್ತಿ ಅಂದರಲ್ಲ, ನೀರು ಸೇರಿದರೆ ಆ ಜಾಗದಲ್ಲಿ ಕರೆಂಟ್ ಲೀಕ್ ಆಗುತ್ತದೆ.

ನನ್ನ ಅನುಮಾನ ಮೊದಲು ಡ್ರೈವರ್ ಬಾಗಿಲಿಗೂ ಬಾಡಿಗೂ ನಡುವೆ ಇರುವ ರಬ್ಬರ್ ಬೂಟಿನ ಮೇಲೆ. ಮಡಿಕೆ ಮಡಿಕೆ ಇರುವ ಕಪ್ಪು ರಬ್ಬರ್ ಕೊಳವೆ, ಬಾಗಿಲ ಎಲ್ಲ ವೈರೂ ಅದರೊಳಗೇ ಹೋಗುತ್ತದೆ. ಇಷ್ಟು ವರ್ಷ ಬಾಗಿಲು ತೆರೆದೂ ಹಾಕಿಯೂ ವೈರು ಒಂದೇ ಜಾಗದಲ್ಲಿ ಮಡಚಿ ಮಡಚಿ ಒಡೆಯುತ್ತದೆ. ಎಲ್ಲಕ್ಕಿಂತ ಜಾಸ್ತಿ ತೆರೆಯುವುದು ಡ್ರೈವರ್ ಬಾಗಿಲೇ ಅಲ್ವಾ, ಅದಕ್ಕೇ ಅಲ್ಲಿಂದ ಶುರು.

ಟೆಸ್ಟ್ ಹೀಗೆ ಮಾಡಿ. ಮೊದಲು ಸ್ಪೇರ್ ಕೀ ಜೇಬಿನಲ್ಲಿರಲಿ. ಬಾಗಿಲು ತೆರೆದಿದ್ದರೆ ಕೆಲವು ಗಾಡಿಗಳು ಲಾಕ್ ತೆಗೆದುಕೊಳ್ಳುವುದಿಲ್ಲ, ಆಗ ಡ್ರೈವರ್ ಬಾಗಿಲಿನ ಲ್ಯಾಚನ್ನು (ಬಾಗಿಲ ಅಂಚಿನಲ್ಲಿರುವ, ಬಾಗಿಲನ್ನು ಹಿಡಿದುಕೊಳ್ಳುವ ಕೊಕ್ಕೆ) ಸ್ಕ್ರೂಡ್ರೈವರಿನಿಂದ ತಿರುಗಿಸಿ ಮುಚ್ಚಿದ ಹಾಗೆ ಮಾಡಿ. ಟೆಸ್ಟ್ ಮುಗಿದ ಮೇಲೆ ಹ್ಯಾಂಡಲ್ ಎಳೆದು ಲ್ಯಾಚ್ ಬಿಡಿಸಿಯೇ ಬಾಗಿಲು ಹಾಕಬೇಕು, ಇಲ್ಲದಿದ್ದರೆ ಲ್ಯಾಚ್ ಹಾಳಾಗುತ್ತದೆ. ಈಗ ಲಾಕ್ ಕೊಟ್ಟು ಬೂಟನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ಬಗ್ಗಿಸಿ, ಬಾಗಿಲನ್ನೂ ನಿಧಾನ ಆಡಿಸಿ. ಯಾವುದೋ ಒಂದು ಕೋನದಲ್ಲಿ ತಾನೇ ಅನ್‌ಲಾಕ್ ಆದರೆ ತೊಂದರೆ ಅಲ್ಲೇ ಇದೆ.

ಒಂದು ಮಾತು. ಬಾಗಿಲಲ್ಲಿ ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿಗೆ ಸಂಬಂಧಪಟ್ಟದ್ದು. ಮಾಡ್ಯೂಲಿಗೆ ಹೋಗುವ ಸ್ವಿಚ್ ವೈರುಗಳ ಮೇಲೆ ಬಲ್ಬಿನ ಟೆಸ್ಟ್ ಲ್ಯಾಂಪ್ ಕೂಡ ಇಡಬೇಡಿ, ಮಲ್ಟಿಮೀಟರೇ ಇರಲಿ.

ಬೆಂಗಳೂರು ಅಕ್ಕ:

ಅಣ್ಣ ಹೇಳಿದ್ದು ಸರಿ. ಬಾಗಿಲು ಬಿಚ್ಚುವ ಮುಂಚೆ ರಿಮೋಟನ್ನೂ ಒಮ್ಮೆ ಪಕ್ಕಕ್ಕಿಟ್ಟು ನೋಡಿ, ಐದು ನಿಮಿಷದ ಕೆಲಸ. ಒದ್ದೆ ಕೈಯಲ್ಲಿ, ಜೇಬಿನಲ್ಲಿ ಓಡಾಡಿ ಅನ್‌ಲಾಕ್ ಬಟನ್ ಒಳಗೇ ಸಿಕ್ಕಿಕೊಂಡಿದ್ದರೂ ಹೀಗೇ ಆಗುತ್ತದೆ. ರಿಮೋಟಿನ ಸೆಲ್ ತೆಗೆದುಬಿಡಿ (ಸಾಮಾನ್ಯವಾಗಿ ಸಿಆರ್2032 ಇರುತ್ತದೆ, 3 ವೋಲ್ಟ್). ಆಮೇಲೆ ಕೀಯಿಂದ ಮಾತ್ರ ಲಾಕ್ ಮಾಡಿ. ಆಗಲೂ ತೆರೆದುಕೊಂಡರೆ ರಿಮೋಟಿನ ತಪ್ಪಿಲ್ಲ. ಹಳೆಯ ಮಾಲೀಕರ ಹತ್ತಿರ ಇನ್ನೊಂದು ರಿಮೋಟ್ ಇದ್ದು ನಿಮಗೆ ಕೊಟ್ಟಿದ್ದರೆ ಅದರ ಸೆಲ್ಲನ್ನೂ ತೆಗೆಯಿರಿ, ಡ್ರಾಯರಿನಲ್ಲಿ ಏನೋ ಒತ್ತಿಕೊಂಡು ಕೂತಿರಬಹುದು.

ಈ ಥ್ರೆಡ್ ಓದುವ ಬೇರೆಯವರಿಗೂ ಹೇಳುತ್ತೇನೆ. ರಿಮೋಟ್ ಒಂದು ಜಾಗದಲ್ಲಿ ಮಾತ್ರ ಕೆಲಸ ಮಾಡುವುದಿಲ್ಲ, ಬೇರೆ ಕಡೆ ಚೆನ್ನಾಗಿದೆ ಅನ್ನುವುದಾದರೆ ಅದು ಗಾಡಿಯ ದೋಷ ಅಲ್ಲದಿರಬಹುದು. ಇಲ್ಲಿಯ ತುಂಬಾ ಕಾರುಗಳ ರಿಮೋಟ್ 433.92 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ. ಗೇಟಿನ ರಿಮೋಟ್, ವೈರ್‌ಲೆಸ್ ಕಾಲಿಂಗ್ ಬೆಲ್ಲುಗಳಲ್ಲೂ ಎಷ್ಟೋ ಅದೇ ಆಸುಪಾಸಿನಲ್ಲಿರುತ್ತವೆ. ಹತ್ತಿರದಲ್ಲಿ ಒಂದು ಕೆಟ್ಟು ಸದಾ ಸಿಗ್ನಲ್ ಬಿಡುತ್ತಿದ್ದರೆ ನಿಮ್ಮ ರಿಮೋಟ್ ಕಾರಿಗೆ ಕೇಳಿಸುವುದೇ ಇಲ್ಲ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇದೇ ಆಗಿತ್ತು, ಒಂದೇ ಸಾಲಿನ ಗಾಡಿಗಳಿಗೆಲ್ಲ ತೊಂದರೆ.

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್:

ಹೌದ್ರಿ, ರಿಮೋಟ್ ಸೆಲ್ ತೆಗೆದು ನೋಡುವುದೇ ಮೊದಲು ಆಗಲಿ.

ತೀರ್ಥಹಳ್ಳಿ ರೈತ:

ನಮ್ಮ ಕಡೆಯ ಮಳೆಗೆ ಈ ಕಾಯಿಲೆ ಹೊಸದಲ್ಲ. ಬೂಟ್ ನೋಡುವಾಗ ಬಾಗಿಲ ತಳವನ್ನೂ ನೋಡಿ. ಕೆಳಗಿನ ಅಂಚಿನಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಗಾಜಿನ ಪಕ್ಕದಿಂದ ಬಾಗಿಲ ಒಳಗೆ ಮಳೆನೀರು ಇಳಿಯುವುದು ಸಹಜ, ಅದು ಹೊರಗೆ ಹೋಗಬೇಕಷ್ಟೆ. ಕೆಂಪು ಮಣ್ಣು, ತರಗೆಲೆ ಸೇರಿ ತೂತು ಕಟ್ಟಿಕೊಂಡರೆ ನೀರು ಒಳಗೇ ನಿಂತು ಲಾಕ್ ಮೋಟಾರಿಗೂ ಕನೆಕ್ಟರಿಗೂ ತೇವ ಹಿಡಿಸುತ್ತದೆ. ಬಾಗಿಲು ಅಲ್ಲಾಡಿಸಿದಾಗ ಒಳಗೆ ಕುಳುಕುಳು ಅಂದರೆ ಅದೇ. ತೆಂಗಿನಗರಿಯ ಕಡ್ಡಿ ಹಾಕಿ ಬಿಡಿಸಿ, ತಂತಿ ಹಾಕಿದರೆ ಪೇಂಟ್ ಕಿತ್ತು ತುಕ್ಕು ಹಿಡಿಯುತ್ತದೆ.

ಟ್ರಿಮ್ (ಬಾಗಿಲ ಒಳಬದಿಯ ಹಲಗೆ) ಬಿಚ್ಚಿದಾಗ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ನೋಡಿ. ಸ್ಪೀಕರ್ ಹಾಕಿಸುವಾಗ ಅದನ್ನು ಹರಿದು ಹಾಗೇ ಬಿಟ್ಟುಬಿಡುತ್ತಾರೆ. ಅದು ಬರೀ ಪ್ಯಾಕಿಂಗ್ ಅಲ್ಲ, ನೀರು ಸ್ವಿಚ್ ಕಡೆಗೆ ಬರದ ಹಾಗೆ ತಡೆಯುವುದೇ ಅದು. ಹರಿದಿದ್ದರೆ ಹೊಸ ಹಾಳೆ ಕತ್ತರಿಸಿ ಬ್ಯೂಟೈಲ್ ಟೇಪಿನಲ್ಲಿ ಸುತ್ತ ಅಂಟಿಸಿ. ಇಲಿಯ ಹಲ್ಲಿನ ಗುರುತು ಇದೆಯಾ ಅಂತಲೂ ನೋಡಿಬಿಡಿ, ಅಂಗಳದಲ್ಲಿ ನಿಲ್ಲಿಸುತ್ತೇನೆ ಅಂದಿದ್ದೀರಿ.

ಹಿಂದಿನ ಎಡ ಬಾಗಿಲು ಬೇರೆಯೇ ತೊಂದರೆ ಅನ್ನಿಸುತ್ತದೆ. ಸದ್ದು ಬಂದರೆ ಮೋಟಾರಿಗೆ ಕರೆಂಟ್ ಹೋಗುತ್ತಿದೆ ಅಂತಾಯಿತು. ಲ್ಯಾಚ್ ಒಣಗಿ ಬಿಗಿಯಾಗಿರಬಹುದು, ಇಲ್ಲವಾದರೆ ಒಳಗಿನ ಪ್ಲಾಸ್ಟಿಕ್ ಗಿಯರ್ ಸವೆದಿರಬಹುದು. ನಾಬನ್ನು ಕೈಯಲ್ಲಿ ಒತ್ತಿ ನೋಡಿ. ಬೇರೆ ಬಾಗಿಲುಗಳಿಗಿಂತ ಗಟ್ಟಿ ಅನ್ನಿಸಿದರೆ ಲ್ಯಾಚನ್ನು ಸ್ಪ್ರೇಯಿಂದ ತೊಳೆದು, ಒರೆಸಿ, ಬಿಳಿ ಲಿಥಿಯಂ ಗ್ರೀಸ್ ಹಾಕಿ. ತುಕ್ಕು ಬಿಡಿಸುವ ಸ್ಪ್ರೇ ಮಾತ್ರ ಹೊಡೆದು ಬಿಟ್ಟರೆ ಸ್ವಲ್ಪ ದಿನದಲ್ಲಿ ಮತ್ತೆ ಬಿಗಿ. ಇಂಜಿನ್ ಆಯಿಲ್ ಬೇಡ, ಧೂಳು ಹಿಡಿದು ಅಂಟಾಗುತ್ತದೆ.

ಮೈಸೂರು ಕಾರು:

ರಿಪೇರಿ ಆಗುವ ತನಕ ಗಾಡಿಯನ್ನು ಹೀಗೇ ರಸ್ತೆಯಲ್ಲಿ ಬಿಡಬೇಡಿ ದಯವಿಟ್ಟು. ಮ್ಯಾನ್ಯುವಲ್ ಬುಕ್ಕಿನಲ್ಲಿ ಸೆಂಟ್ರಲ್ ಲಾಕಿನ ಫ್ಯೂಸ್ ಯಾವುದು ಅಂತ ನೋಡಿ, ಅದನ್ನು ಕಿತ್ತು ಬಾಗಿಲುಗಳನ್ನು ಒಂದೊಂದಾಗಿ ನಾಬಿನಿಂದ, ಕೊನೆಗೆ ಡ್ರೈವರ್ ಬಾಗಿಲನ್ನು ಕೀಯಿಂದ ಹಾಕಿ. ಆಗ ತಾನಾಗಿ ತೆರೆಯಲು ಮೋಟಾರಿಗೆ ಕರೆಂಟೇ ಇರುವುದಿಲ್ಲ. ಅದೇ ಫ್ಯೂಸಿನಲ್ಲಿ ಬೇರೆ ಏನೇನಿದೆ ಅಂತಲೂ ಓದಿಕೊಳ್ಳಿ, ಡಿಕ್ಕಿ ತೆರೆಯುವುದು ಕರೆಂಟಿನಿಂದ ಆಗಿದ್ದರೆ ಅದೂ ನಿಲ್ಲಬಹುದು.

ಮಕ್ಕಳಿದ್ದರೆ ಇನ್ನೂ ಎಚ್ಚರ. ತಾನೇ ತೆರೆಯುವ ಲಾಕ್ ತಾನೇ ಹಾಕಿಕೊಳ್ಳಲೂಬಹುದು. ಕೀ ಒಳಗಿಟ್ಟು, ಮಗುವನ್ನು ಒಳಗೆ ಕೂರಿಸಿ, ಗೇಟ್ ತೆರೆಯಲು ಇಳಿದು ಹೋಗುವ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕಿದೆ. ಇದು ಸರಿ ಆಗುವವರೆಗೆ ಕೀ ಕೈಯಲ್ಲೇ ಇರಲಿ. ಹಿಂದಿನ ಬಾಗಿಲ ಚೈಲ್ಡ್ ಲಾಕ್ ಬೇರೆ, ಅದು ಹಾಕಿದ್ದರೆ ಅನ್‌ಲಾಕ್ ಆಗಿದ್ದರೂ ಒಳಗಿನಿಂದ ತೆರೆಯುವುದಿಲ್ಲ.

ಪುತ್ತೂರಿನವ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಕೂತು ನೋಡಿದೆ. ರಿಮೋಟಿನ ಸೆಲ್ ತೆಗೆದರೂ ಅದೇ ತೊಂದರೆ. ಆಮೇಲೆ ಲ್ಯಾಚ್ ಮುಚ್ಚಿ, ಲಾಕ್ ಕೊಟ್ಟು, ಬೂಟನ್ನು ಬಗ್ಗಿಸಿದೆ. ಬಾಗಿಲು ಅರ್ಧಕ್ಕಿಂತ ಸ್ವಲ್ಪ ಕಡಿಮೆ ತೆರೆದಿರುವ ಕೋನದಲ್ಲಿ ಪ್ರತಿ ಸಲವೂ ಅನ್‌ಲಾಕ್! ಬೂಟ್ ಸರಿಸಿದರೆ ಒಳಗೆ ಎರಡು ವೈರಿನ ಇನ್ಸುಲೇಷನ್ ಒಡೆದಿದೆ. ಒಂದು ಕಪ್ಪು, ಮೀಟರ್ ಇಟ್ಟರೆ ಅರ್ತ್. ಇನ್ನೊಂದು ತೆಳು ವೈರಿನಲ್ಲಿ ತಾಮ್ರ ಹಸಿರು ಕಿಲುಬು ಹಿಡಿದು ಕೆಲವೇ ಎಳೆಗಳು ಉಳಿದಿವೆ. ಎರಡೂ ಪಕ್ಕಪಕ್ಕದಲ್ಲೇ. ಬೂಟಿನ ಮೇಲ್ಭಾಗ ಬಾಡಿಯ ತೂತಿನಿಂದ ಹೊರಗೆ ಬಂದು ನೀರು ನೇರ ಒಳಗೆ ಹೋಗುತ್ತಿತ್ತು. ಪ್ಲಾಸ್ಟಿಕ್ ಹಾಳೆಯೂ ಸ್ಪೀಕರ್ ಹತ್ತಿರ ಹರಿದಿದೆ, ರೈತರು ಹೇಳಿದ ಹಾಗೇ.

ಹಿಂದಿನ ಬಾಗಿಲಿನ ಲ್ಯಾಚ್ ತೊಳೆದು ಗ್ರೀಸ್ ಹಾಕಿದ ಮೇಲೆ ಲಾಕ್ ಆಗುತ್ತಿದೆ. ಟೆಸ್ಟ್ ಮಾಡುವಾಗ ಲಾಕ್ ಅನ್‌ಲಾಕ್ ಸತತವಾಗಿ ಒತ್ತಿದ್ದಕ್ಕೆ ಸ್ವಲ್ಪ ಹೊತ್ತು ಯಾವ ಬಾಗಿಲೂ ಅಲ್ಲಾಡಲಿಲ್ಲ, ಆಮೇಲೆ ತಾನೇ ಸರಿಯಾಯಿತು. ಅದೇನು? ಮತ್ತೆ ಈ ವೈರುಗಳನ್ನು ತಿರುಚಿ ಟೇಪ್ ಸುತ್ತಿದರೆ ಸಾಕಾ?

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್:

ಭಾರಿ ಚಲೋ ಹುಡುಕಿದ್ರಿ. ಬಾಗಿಲು ಅಲ್ಲಾಡದೇ ನಿಂತದ್ದಕ್ಕೆ ಹೆದರಬೇಡಿ. ಒಂದೇ ಸಮನೆ ಒತ್ತಿದರೆ ಮೋಟಾರ್ ಸುಡಬಾರದು ಅಂತ ಸಿಸ್ಟಮ್ಮೇ ಸ್ವಲ್ಪ ಹೊತ್ತು ನಿಲ್ಲಿಸುತ್ತದೆ.

ತಿರುಚಿ ಟೇಪ್ ಸುತ್ತುವುದು ಮಾತ್ರ ಬೇಡವೇ ಬೇಡ, ಮುಂದಿನ ಮಳೆಗೆ ಮತ್ತೆ ಇಲ್ಲೇ ಬರುತ್ತೀರಿ. ಬೂಟಿನ ಒಳಗೆ ಬೆಸುಗೆಯನ್ನೂ ಹಾಕಬೇಡಿ. ಬೆಸುಗೆ ಹಾಕಿದ ಜಾಗ ಗಟ್ಟಿಯಾಗುತ್ತದೆ, ಬಾಗಿಲು ಆಡಿದಾಗ ಅದರ ಪಕ್ಕದಲ್ಲೇ ವೈರು ಮುರಿಯುತ್ತದೆ. ಕೆಟ್ಟ ಭಾಗವನ್ನು ಪೂರ್ತಿ ಕತ್ತರಿಸಿ, ಜೋಡಣೆ ಎರಡೂ ಬೂಟಿನ ಆಚೆ ಬರುವ ಹಾಗೆ, ಒಂದು ಬಾಗಿಲ ಒಳಗೆ ಇನ್ನೊಂದು ಡ್ಯಾಶ್‌ಬೋರ್ಡಿನ ಪಕ್ಕದಲ್ಲಿ, ನಡುವೆ ಹೊಸ ವೈರು ಹಾಕಿ. ಸಿಲಿಕೋನ್ ಇನ್ಸುಲೇಷನ್ ಇರುವ, ತುಂಬಾ ಸಣ್ಣ ಎಳೆಗಳ ಮೆತ್ತನೆಯ ವೈರು ಕೇಳಿ. ದಪ್ಪ ಹಳೆಯದರಷ್ಟೇ ಇರಲಿ, ಉದ್ದ ಸ್ವಲ್ಪ ಜಾಸ್ತಿ ಇರಲಿ, ಬಾಗಿಲು ಪೂರ್ತಿ ತೆರೆದಾಗ ಬಿಗಿಯಬಾರದು. ಜೋಡಣೆಯ ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಒಂದು ವೈರು ಮುಗಿಸಿಯೇ ಇನ್ನೊಂದನ್ನು ಕತ್ತರಿಸಿ, ಅದಲು ಬದಲು ಆಗುವುದಿಲ್ಲ. ಉಳಿದ ವೈರುಗಳನ್ನೂ ಬೆರಳಿನಲ್ಲಿ ಮಡಚಿ ನೋಡಿ, ಬಿರುಕು ಕಂಡರೆ ಈಗಲೇ ಬದಲಿಸಿ. ಶುರು ಮಾಡುವ ಮುಂಚೆ ಬ್ಯಾಟರಿಯ ಮೈನಸ್ ತೆಗೆಯಿರಿ.

ರಾತ್ರಿ ಟಕ್ ಟಕ್, ಬ್ಯಾಟರಿ ಇಳಿಯುವುದು ಎರಡೂ ಇದರಿಂದಲೇ ಆಗಿರಬಹುದು. ವೈರು ತಾಗಿದಾಗಲೆಲ್ಲ ಮಾಡ್ಯೂಲ್ ಎಚ್ಚರ ಆಗುತ್ತದೆ, ನಿದ್ದೆಗೆ ಹೋಗಲು ಬಿಡುವುದೇ ಇಲ್ಲ. ರಿಪೇರಿ ಆದ ಮೇಲೆ ಮೀಟರನ್ನು ಆಂಪಿಯರ್ ಸ್ಥಾನಕ್ಕೆ ಹಾಕಿ ಬ್ಯಾಟರಿ ಮೈನಸ್ ಜೊತೆ ಸರಣಿಯಲ್ಲಿ ಜೋಡಿಸಿ, ಎಲ್ಲ ಲಾಕ್ ಮಾಡಿ ಅರ್ಧ ಗಂಟೆ ಬಿಡಿ. ಸಾಮಾನ್ಯವಾಗಿ 50 ಮಿಲಿಆಂಪಿಯರಿಗಿಂತ ಕಡಿಮೆ ಬರಬೇಕು. ಮೀಟರ್ ಹಾಕಿದಾಗ ಗಾಡಿ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಎಂಜಿನ್ ನಿಲ್ಲಿಸಿ ರಾತ್ರಿಯೆಲ್ಲ ಬಿಟ್ಟ ಬ್ಯಾಟರಿಯಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಪೂರ್ತಿ ಚಾರ್ಜ್ ಇದೆ ಅಂತ.

ಪುತ್ತೂರಿನವ:

ಮಂಗಳೂರಿನಿಂದ ಸಿಲಿಕೋನ್ ವೈರು ತರಿಸಿ ಹೇಳಿದ ಹಾಗೇ ಮಾಡಿದೆ. ಬಿರುಕು ಬಿಟ್ಟಿದ್ದ ಇನ್ನೊಂದು ವೈರನ್ನೂ ಬದಲಿಸಿದೆ. ಬೂಟನ್ನು ಎರಡೂ ಕಡೆ ಸರಿಯಾಗಿ ಕೂರಿಸಿದ್ದೇನೆ, ಹಾಳೆ ಹೊಸದು. ನಿನ್ನೆ ರಾತ್ರಿಯೆಲ್ಲ ಜೋರು ಮಳೆ ಇತ್ತು, ಬೆಳಿಗ್ಗೆ ನಾಲ್ಕೂ ಬಾಗಿಲು ಲಾಕ್ ಆಗಿಯೇ ಇದ್ದವು. ಮೀಟರ್ 30 ಮಿಲಿಆಂಪಿಯರ್ ಆಸುಪಾಸು ತೋರಿಸುತ್ತಿದೆ. ಡ್ರೈವರ್ ಗಾಜು ಮಾತ್ರ ಒಂದೇ ಒತ್ತಿಗೆ ಪೂರ್ತಿ ಇಳಿಯುತ್ತಿಲ್ಲ, ಮೊದಲು ಇಳಿಯುತ್ತಿತ್ತು.

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್:

ಬ್ಯಾಟರಿ ತೆಗೆದಿದ್ದಕ್ಕೆ ಅದು ಮರೆತಿರುತ್ತದೆ. ಗಾಜು ಪೂರ್ತಿ ಇಳಿಸಿ, ಮತ್ತೆ ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಹಾಗೇ ಹಿಡಿದಿರಿ. ತುಂಬಾ ಗಾಡಿಗಳಲ್ಲಿ ಇಷ್ಟಕ್ಕೇ ಸರಿಯಾಗುತ್ತದೆ. ಆಗದಿದ್ದರೆ ನಿಮ್ಮ ಮ್ಯಾನ್ಯುವಲ್ಲಿನಲ್ಲಿ ಕ್ರಮ ಬರೆದಿರುತ್ತಾರೆ, ನೋಡ್ರಿ.